ಬಾರದವರನ್ನು ವಿಚಾರಿಸುವ ವಾರಿಜಕ್ಕ

ವಾರಿಜಕ್ಕ ತಮ್ಮ ಹೋಟೆಲಿಗೆ ಬಂದವರನ್ನು ಅಷ್ಟಾಗಿ ಗಮನಿಸುತ್ತಿರಲಿಲ್ಲ, ಬಾರದವರನ್ನು ಗಮನಿಸುತ್ತಿದ್ದರು. ದಿನಾ ಇಡ್ಲಿಗೆ ಬರುವವರೊಬ್ಬರು ಒಂದು ಬೆಳಿಗ್ಗೆ ಕಾಣದಿದ್ದರೆ ಗಲ್ಲಾದಿಂದಲೇ ಫೋನ್ ಹೋಗುತ್ತಿತ್ತು. ಜ್ವರವೋ, ಬೇರೆ ಹೋಟೆಲೋ ಎಂದು ಕುಂದಾಪುರದ ರಾಗದ ಮರಾಠಿಯಲ್ಲಿ ವಿಚಾರಣೆ. ಸಂಭಾಜಿನಗರದ ಚಿಕಲಠಾಣಾ ಬಡಾವಣೆಯ ಕಾರ್ಖಾನೆಗಳವರು ಮೇಲಧಿಕಾರಿಗೆ ಹೇಳದೆ ರಜೆ ಹಾಕಿದರೂ ಅವರಿಗೆ ಹೇಳದೆ ಹಾಕುತ್ತಿರಲಿಲ್ಲ.

ಗದಗಿನಿಂದ ಬಂದ ನಾನು ಆ ಹೋಟೆಲಿನ ಮೇಲಿನ ಕೋಣೆಯಲ್ಲಿದ್ದೆ. ಇಂಜಿನಿಯರ್. ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಕಾರ್ಮಿಕರಿಗೆ ಪಾಠ ಹೇಳುವುದೇ ನನ್ನ ಕೆಲಸ. ಒಂದು ಸಂಜೆ ಇನ್ನಷ್ಟು ಚಟ್ನಿಗಾಗಿ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಗ ಒಲೆಯ ಗ್ಯಾಸ್ ಪೈಪು ಹೊತ್ತಿಕೊಂಡಿತು. ಉರಿ ಸೂರಿಗೆ ಮುಟ್ಟಿತು. ವಾರಿಜಕ್ಕ ಒದ್ದೆ ಗೋಣಿ ಎಸೆದು, ಬಗ್ಗಿ ಸಿಲಿಂಡರ್ ಬಂದ್ ಮಾಡಿದರು. ನಾನು ತಟ್ಟೆ ಸಮೇತ ರಸ್ತೆಗೆ ಓಡಿದ್ದೆ. ಚಟ್ನಿ ಚೆಲ್ಲಿರಲಿಲ್ಲ; ಅಷ್ಟರಮಟ್ಟಿಗೆ ತರಬೇತಿ ಫಲಿಸಿತ್ತು.

ಯಾರಿಗೂ ಸುಡಲಿಲ್ಲ. ಮರುದಿನ ಅವರು ಎಂದಿನಂತೆ ದೋಸೆ ಹುಯ್ದರು. ಕೆಟ್ಟದ್ದು ನಾನೊಬ್ಬನೇ. ಕಣ್ಣು ಮುಚ್ಚಿದರೆ ಅದೇ ಉರಿ, ಅದೇ ಭುಸ್ ಸದ್ದು. ಚಹಾ ಬಿಟ್ಟು ಬೇರೇನೂ ಕಾಣದ ನನ್ನ ಒಲೆಯ ಗುಂಡಿ ತಿರುಗಿಸಿದ್ದೇನೋ ಇಲ್ಲವೋ ಎಂದು ಕೆಲಸದ ನಡುವೆ ಓಡಿ ಬರತೊಡಗಿದೆ. ಕೊನೆಗೆ ಕೆಲಸಕ್ಕೆ ಹೋಗುವುದನ್ನೇ ಬಿಟ್ಟೆ. ಆಸ್ಪತ್ರೆಗೆ ಸೇರುವುದು ಬೇಡ, ವಾರದಲ್ಲಿ ಕೆಲವು ದಿನ ಕೆಲವು ತಾಸು ಚಿಕಿತ್ಸೆ ಪಡೆದು ಸಂಜೆ ಮನೆಗೆ ಬಾ, ಕೇಂದ್ರವನ್ನು ನೀನೇ ನೋಡಿಕೋ ಎಂದರು ಡಾಕ್ಟರು.

ನೋಡಿಕೊಂಡೆ. ವೆಬ್‌ಸೈಟಿನಲ್ಲಿ ದ್ರಾಕ್ಷಿ ತೋಟ, ಕಣ್ಣು ಮುಚ್ಚಿ ನಗುವ ಬಿಳಿಯುಡುಗೆಯ ಹೆಂಗಸು. ನಾಸಿಕ್. ಒಬ್ಬನೇ ಹೊರಟರೆ ಗ್ಯಾಸ್ ನೋಡಲು ನಡುದಾರಿಯಲ್ಲೇ ಇಳಿಯುತ್ತೇನೆಂದು ವಾರಿಜಕ್ಕನೂ ಬಸ್ ಹತ್ತಿದರು.

"ದಿನಾ ಸಂಜೆ ಮನೆಗೆ ಬರುವ ಚಿಕಿತ್ಸೆ ಅಂದದ್ದಲ್ವಾ ಡಾಕ್ಟ್ರು?" ವೈಜಾಪುರ ದಾಟಿದ ಮೇಲೆ ಕೇಳಿದರು.

"ಹೌದ್ರಿ ಅಕ್ಕಾ."

"ಹೊರಟು ಎಷ್ಟು ಹೊತ್ತಾಯ್ತು ಮಾರಾಯ! ನಾಸಿಕ್ ಇನ್ನೂ ಕಾಣುದಿಲ್ಲ."

"ಅಲ್ಲೇ ರೂಮ್ ಮಾಡ್ತೀನ್ರಿ."

"ಒಬ್ಬನೇ? ಆ ರೂಮಲ್ಲಿಯೂ ಗ್ಯಾಸ್ ಉಂಟಲ್ಲ!"

ನಾಸಿಕ್‌ನ ಮ್ಯಾನೇಜರು ಹುಲ್ಲುಹಾಸು ತೋರಿಸಿದರು, ಸಂಗೀತದ ಕೋಣೆ ತೋರಿಸಿದರು. ವಾರಿಜಕ್ಕ ಹಿಂದಿಯಲ್ಲಿ ಕೇಳಿದ್ದು ಒಂದೇ: ಇವನು ಒಂದು ದಿನ ಬರದಿದ್ದರೆ ಏನು ಮಾಡುತ್ತೀರಿ?

ಅದು ಅವರ ಇಚ್ಛೆ, ಮೇಡಂ.

ವಾರಿಜಕ್ಕ ಎದ್ದರು. ಗೇಟಿನಲ್ಲಿ ನನಗೆ, "ನಿನ್ನ ಇಚ್ಛೆ ನಂಬುದಾದ್ರೆ ನಾನೆಂತಕ್ಕೆ ಅಷ್ಟು ದೂರ ಬಸ್ಸಲ್ಲಿ ಬರ್ಬೇಕಿತ್ತು?" ಎಂದರು.

ಆಮೇಲೆ ನೋಡಿದ್ದು ನಮ್ಮ ಸಂಭಾಜಿನಗರದಲ್ಲೇ, ಕನ್ನಡಕದ ಅಂಗಡಿಯ ಮೇಲಿದ್ದ ಕೇಂದ್ರ. ಪ್ಲಾಸ್ಟಿಕ್ ಕುರ್ಚಿ, ಕಿರುಗುಟ್ಟುವ ಫ್ಯಾನು. ಅಲ್ಲೂ ಅದೇ ಪ್ರಶ್ನೆ. ಋತುಜಾ ಎಂಬ ಆಪ್ತಸಲಹೆಗಾರ್ತಿ, ಮೊದಲು ಅವರಿಗೆ ಫೋನ್ ಮಾಡುತ್ತೇವೆ, ಎತ್ತದಿದ್ದರೆ ನಿಮಗೆ, ಎಂದಳು. ವಾರಿಜಕ್ಕನ ಮುಖ ಅರಳಿತು. ನನ್ನನ್ನು ಹೊರಗೆ ಕೂರಿಸಿ, ತಮ್ಮ ನಂಬರು ಕೊಟ್ಟು ಬಂದರು.

ಗುಂಡಿಯನ್ನು ಒಮ್ಮೆ ಮಾತ್ರ ನೋಡಬೇಕು, ಎಷ್ಟೇ ಹೆದರಿಕೆಯಾದರೂ ಹೊರಡಬೇಕು: ಇದು ಋತುಜಾ ಕೊಟ್ಟ ಮನೆಪಾಠ. ಮೆಟ್ಟಿಲ ಬುಡದಲ್ಲಿ ವಾರಿಜಕ್ಕನ ಕಾವಲು. "ಒಮ್ಮೆ ನೋಡಿದಿಯಲ್ಲ? ಇಳಿ!" ಮನೆಯವರನ್ನು ಕರೆಯುವ ಶನಿವಾರ ಬಂದು, ನಾನು ತಟ್ಟೆ ಹಿಡಿದು ಓಡಿದ್ದನ್ನು ಇಡೀ ಗುಂಪಿನೆದುರು ನಟಿಸಿಯೇ ತೋರಿಸಿದರು. ಕುಡಿತ ಬಿಡಲು ಬಂದಿದ್ದ ಕಾಳೆಕಾಕಾ ಕುರ್ಚಿಯಿಂದ ಬೀಳುವಷ್ಟು ನಕ್ಕರು. ಬೆಂಕಿಯ ನಂತರ ನಾನು ನಕ್ಕದ್ದೂ ಅಂದೇ.

ಚಳಿಗಾಲದ ಕೊನೆಯಲ್ಲಿ, ಹಿಟ್ಟು ರುಬ್ಬಲು ಹಾಕಿ ಕುಳಿತ ವಾರಿಜಕ್ಕ ಏಳಲಿಲ್ಲ. ಹೃದಯಾಘಾತ. ಅಸ್ಥಿಯೊಂದಿಗೆ ಅವರ ತಮ್ಮ ಊರಿಗೆ ಹೋದ ದಿನ ನಾನು ಫೋನ್ ಆಫ್ ಮಾಡಿ, ಅರ್ಧ ಇಳಿಸಿದ ಶಟರಿನ ಹಿಂದೆ ಕುಳಿತಿದ್ದೆ. ಇನ್ನು ಆ ಕೇಂದ್ರಕ್ಕೆ ಹೋಗುವುದಿಲ್ಲವೆಂದು ನಿರ್ಧರಿಸಿದ್ದೆ. ಗಲ್ಲಾದ ಪಕ್ಕದಲ್ಲಿದ್ದ ಅವರ ಫೋನು ರಿಂಗಾಯಿತು. ಎತ್ತಿದೆ.

"ಕಾಕೂ," ಋತುಜಾಳ ದನಿ, "ತುಮ್ಚಾ ಮುಲಗಾ ಆಜ್ ಆಲಾ ನಾಹಿ." ನಿಮ್ಮ ಮಗ ಇವತ್ತು ಬಂದಿಲ್ಲ.

ಹೇಳಬೇಕಾದ್ದು ಬೇರೆಯೇ ಇತ್ತು. ಬಾಯಿಗೆ ಬಂದದ್ದು, "ನಿಘಾಲಾಯ್." ಹೊರಟಿದ್ದಾನೆ.

ಮೇಲೆ ಹೋಗಿ ಗುಂಡಿಯನ್ನು ಒಮ್ಮೆ ನೋಡಿದೆ. ಮೆಟ್ಟಿಲ ಬುಡದಿಂದ ಯಾರೂ "ಇಳಿ" ಎನ್ನಲಿಲ್ಲ. ಸ್ವಲ್ಪ ಹೊತ್ತು ಕಾದು, ಇಳಿದೆ.