ಸರ್ವೆ ಕೊಂಬೆಗೆ ಒಂದು ಚೊಂಬು ನೀರು

ಡಿಸೆಂಬರ್ ಮೂವತ್ತರ ಸಂಜೆ ನನ್ನ ಗಂಡ ಅಮೃತಪ್ಪ ಚಹಾ ಕುಡಿಯುತ್ತ ಕೇಳಿದರು, "ಕೃಪಾನ ಅವ್ವ, ಗಿಡಕ್ಕ ನೀರು ಹಾಕಿದೇನ?"

"ಹಾಕೀನ್ರಿ," ಅಂದೆ.

ಹಾಕಿರಲಿಲ್ಲ. ಆರು ದಿನದಿಂದ ಹಾಕಿರಲಿಲ್ಲ.

ನಾವು ರಾಯಚೂರಿನ ಕಡೆಯವರು, ಚರ್ಚಿಗೆ ಹೋಗುವವರು. ನನ್ನ ಗಂಡ ತೆಲುಗು ಸೀಮೆಯ ನಾಚಾರಂನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಮೋಟರ್‌ಗಳಿಗೆ ತಂತಿ ಸುತ್ತಿದರು. ಡಿಸೆಂಬರ್ ಬಂತೆಂದರೆ ಗಲ್ಲಿಯವರ ಕೆಟ್ಟ ಸೀರಿಯಲ್ ಲೈಟುಗಳೆಲ್ಲ ನಮ್ಮ ಮನೆಗೆ ಬರುತ್ತಿದ್ದವು. ಸರಿಮಾಡಿ ಕೊಡುವಾಗ ಎಲ್ಲರಿಗೂ ಒಂದೇ ಮಾತು: "ಮನ್ಯಾಗ ಯಾರೂ ಇಲ್ದಾಗ ಬಂದ್ ಮಾಡ್ರಿ." ತೆಲುಗಿನವರಿಗೆ ತೆಲುಗಿನಲ್ಲಿ ಅದನ್ನೇ ಹೇಳುತ್ತಿದ್ದರು.

ನಮ್ಮ ಕ್ರಿಸ್‌ಮಸ್ ಗಿಡ ಎಂದರೆ ಸರ್ವೆ ಮರದ ಕೊಂಬೆ. ಕಬ್ಬಿಣದ ಬಕೆಟ್ಟಿಗೆ ಮರಳು ತುಂಬಿ ಅವರು ನೆಡುತ್ತಿದ್ದರು. ದಿನಾ ಒಂದು ಚೊಂಬು ನೀರು ಹಾಕುವುದು ನನ್ನ ಕೆಲಸ. ಹಿಮ ಎಂದು ಮೇಲೆ ಹತ್ತಿ ಇಡುವುದು ಮಗಳು ಕೃಪಾನ ಕೆಲಸ. ಹತ್ತಿ ನನ್ನ ಗಂಡನ ತಮ್ಮ ತಾಯಪ್ಪನ ಹೊಲದ್ದು.

"ಬ್ಯಾರೆ ಊರಾಗ ಹಿಮ ಮ್ಯಾಲಿಂದ ಬೀಳ್ತೈತಿ. ನಮಗ ರಾಯಚೂರ ಬಸ್ಸಿನ್ಯಾಗ ಬರ್ತೈತಿ, ಅದೂ ಬೀಜ ಸಮೇತ," ಎಂದು ನಗುತ್ತಿದ್ದರು.

ಎಲ್‌ಇಡಿ ಲೈಟು ತರೋಣ ಎಂದು ಕೃಪಾ ಹೇಳಿದ್ದಳು. "ಹಳೇ ಬಲ್ಬಿನ ಬೆಳಕು ಅದಕ್ಕ ಬರಂಗಿಲ್ಲವ್ವ," ಅಂದರು. ಹಳೇ ಬಲ್ಬು ಬಿಸಿಯಾಗುತ್ತದೆ. ಅವರಿಗೆ ಗೊತ್ತಿತ್ತು.

ಆ ವರ್ಷ ಕೃಪಾ ಬಕೆಟ್ಟಿನ ಸುತ್ತ ಗೋದಲಿ ಕಟ್ಟಿದಳು. ಕಾಗದದ ಗುಡ್ಡ, ಹುಲ್ಲಿನ ಗುಡಿಸಲು, ಮಣ್ಣಿನ ಕೂಸು. ಬಕೆಟ್ಟಿನ ಬಾಯಿ ಮುಚ್ಚಿಹೋಯಿತು. ನೀರು ಹಾಕಿದರೆ ಗುಡ್ಡ ನೆನೆದು ಕುಸಿಯುತ್ತದೆ. ಹುಡುಗಿ ಎರಡು ದಿನ ಕೂತು ಮಾಡಿದ್ದು. ಹೊಸ ವರ್ಷದವರೆಗೆ ತಡೆಯುತ್ತದೆ ಬಿಡು ಅಂದುಕೊಂಡೆ. ಜಗಳ ಬೇಡವೆಂದು ಗಂಡನಿಗೆ ಸುಳ್ಳು ಹೇಳಿದೆ.

ಮೂವತ್ತೊಂದರ ಬೆಳಿಗ್ಗೆ ಅವರು ರಾತ್ರಿ ಪಾಳಿ ಮುಗಿಸಿ ಬಂದು ಒಳಕೋಣೆಯಲ್ಲಿ ಮಲಗಿದರು. ಗಲ್ಲಿಯ ಮಕ್ಕಳು ಗೋದಲಿ ನೋಡಲು ಬಂದಾಗ ಗಿಡದ ಮೇಲಿನ ದೀಪ ಹಚ್ಚಿದೆ. ಮಕ್ಕಳು ಹೋದ ಮೇಲೆ ನಾನೂ ಕೃಪಾನೂ ಚರ್ಚು ಗುಡಿಸಲು ಹೋದೆವು. ದೀಪ ಆರಿಸಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಎಂದಲ್ಲವೆ ಅವರು ಹೇಳುತ್ತಿದ್ದದ್ದು? ಮನೆಯಲ್ಲಿ ಅವರಿದ್ದರು.

ಒಣಗಿದ ಸರ್ವೆ, ಹತ್ತಿ, ಬಿಸಿ ಬಲ್ಬು. ಹೊತ್ತಿಕೊಳ್ಳಲು ಒಂದು ನಿಮಿಷವೂ ಬೇಕಿಲ್ಲ ಎಂದು ಬೆಂಕಿ ಆರಿಸಲು ಬಂದವರು ಹೇಳಿದರು. ಗಿಡ ಹೊರಬಾಗಿಲಿಗೆ ಹೋಗುವ ದಾರಿಯಲ್ಲೇ ಇತ್ತು. ಅವರಿಗೆ ದಾಟಲು ಆಗಲಿಲ್ಲ. ಹೊಗೆಯಲ್ಲೇ ಹೋದರು.

ಕೃಪಾ ಮಾತು ಕಡಿಮೆ ಮಾಡಿದಳು. ತಟ್ಟೆ ಮುಂದಿಟ್ಟರೆ ತಿನ್ನುವಳು, ಇಲ್ಲದಿದ್ದರೆ ಇಲ್ಲ. ಮುಂದಿನ ಡಿಸೆಂಬರಿನಲ್ಲಿ ಒಂದು ದಿನ ಅಂದಳು, "ಅವ್ವ, ನನ್ನ ಗುಡ್ಡದಿಂದನ ಅಪ್ಪ ಹೋದ." ವರ್ಷವಿಡೀ ಅದನ್ನೇ ಹೊತ್ತು ತಿರುಗಿದ್ದಳು.

ಸುಮ್ಮನಿದ್ದರೆ ಮಗಳೂ ಹೋಗುತ್ತಾಳೆ ಅನಿಸಿತು. ಹೇಳಿದೆ.

"ನೀರು ಹಾಕೋದು ನನ್ನ ಕೆಲ್ಸ. ನಿಮ್ಮಪ್ಪ ಕೇಳಿದ್ರು. ಹಾಕೀನಿ ಅಂತ ಸುಳ್ಳು ಹೇಳ್ದೆ. ದೀಪಾನೂ ನಾನ ಬಿಟ್ಟು ಬಂದೆ. ನೀ ಕಾಗದ ಅಂಟಿಸಿದಿ, ಅಷ್ಟ."

ಬೈಯುತ್ತಾಳೆ ಅಂದುಕೊಂಡೆ. ಬೈದಳು. "ಇದನ್ನ ಹೇಳಾಕ ನಿನಗ ಒಂದು ವರ್ಷ ಬೇಕಾತೇನ?" ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೇ ದಿನ ತಾನೇ ಬಂದು, "ಹಸಿವಾಗೇತಿ," ಅಂದಳು.

ಬಕೆಟ್ಟು ಕಪ್ಪಾಗಿತ್ತು, ಹಾಳಾಗಿರಲಿಲ್ಲ. ತಳಕ್ಕೆ ತೂತು ಹೊಡೆಸಿ, ಮಣ್ಣು ತುಂಬಿ, ಬೇರಿರುವ ಸರ್ವೆ ಸಸಿ ನೆಟ್ಟಿದ್ದೇವೆ. ಮನೆಯ ಹೊರಗೆ, ದಾರಿ ಬಿಟ್ಟು. ಹತ್ತಿ ಇಡುವುದಿಲ್ಲ. ತಾಯಪ್ಪ ಈಗ ಜೋಳ ಕಳಿಸುತ್ತಾನೆ.

ಬೆಳಿಗ್ಗೆ ಎದ್ದು ಮೊದಲು ಅದಕ್ಕೆ ಒಂದು ಚೊಂಬು ನೀರು ಹಾಕುತ್ತೇನೆ. ಆಮೇಲೆ ಚಹಾ. ಒಳಗಿನಿಂದ ಕೃಪಾ ಕೇಳುತ್ತಾಳೆ, "ಹಾಕಿದೇನ?"

ಹಾಕೀನಿ ಎಂದು ನಾನು ಹೇಳುವುದಿಲ್ಲ. "ಬಂದು ಮಣ್ಣು ಮುಟ್ಟಿ ನೋಡವ್ವ," ಅನ್ನುತ್ತೇನೆ.