ಹುಳಿ ಗುಳಿಗೆಯೂ ಡಾ. ಕಾಂಚನಾ ಅವರ ಪ್ರಶ್ನೆಯೂ

ಮುಂಬಯಿ ಪಕ್ಕದ ಡೊಂಬಿವಲಿಯ ಧರ್ಮಾರ್ಥ ಆಸ್ಪತ್ರೆಯೊಂದರ ಪ್ರಯೋಗಾಲಯವನ್ನು ಮೂರು ದಶಕಗಳ ಕಾಲ ಮುನ್ನಡೆಸಿ, ಈ ವರ್ಷ ನಿವೃತ್ತರಾಗುತ್ತಿರುವ ಡಾ. ಕಾಂಚನಾ ಹಿರೇಮಠ ಅವರ ಮಾತಿಗೆ ಕಲ್ಯಾಣದಿಂದ ಐರೋಲಿಯವರೆಗಿನ ವೈದ್ಯವಲಯದಲ್ಲಿ ಇರುವ ತೂಕವನ್ನು ಬಲ್ಲವರು ಬಲ್ಲರು. ಅವರ ವಿದ್ವತ್ತನ್ನು ಶಿಷ್ಯರು ಈ ಅಭಿನಂದನ ಸಂಪುಟದಲ್ಲಿ ಬಣ್ಣಿಸಿದ್ದಾರೆ. ಇಲ್ಲಿ ಬರುವುದು ಅವರ ಪ್ರಯೋಗಾಲಯದ ಬೆಂಚಿನ ಮೇಲೆ ಹೆದರಿ ಕುಳಿತ ಒಬ್ಬ ರೋಗಿಯ ಕಥೆ.

ಐರೋಲಿಯಲ್ಲಿ ಹೋಟೆಲು ನಡೆಸುವ ತಾರಾನಾಥ ಶೆಟ್ಟರ ತಂದೆ ಅರುವತ್ತು ತುಂಬುವ ಮೊದಲೇ ಕರುಳಿನ ಕ್ಯಾನ್ಸರಿಗೆ ತುತ್ತಾಗಿದ್ದರು. ಅಣ್ಣನೂ ಹಾಗೆಯೇ ಹೋದರು. ೨೦೦೮ರ ಹೊತ್ತಿಗೆ ತಮ್ಮ ಸರದಿ ಬಂತೆಂಬ ಭಯ ಶೆಟ್ಟರ ಹೊಟ್ಟೆಯಲ್ಲಿ ಬಿಡಾರ ಹೂಡಿತು. ದೇಹ ಒಳಗೊಳಗೇ ತುಕ್ಕು ಹಿಡಿಯುತ್ತದೆ, ಆ್ಯಂಟಿಆಕ್ಸಿಡೆಂಟ್ ಅದನ್ನು ತಡೆದು ಮುಪ್ಪನ್ನು ದೂರವಿಡುತ್ತದೆ ಎಂದು ಟಿವಿಯಲ್ಲಿ ಯಾರೋ ಹೇಳಿದ್ದೇ ತಡ, ಗಲ್ಲಾದ ಪಕ್ಕದ ಸೋಂಪಿನ ಬಟ್ಟಲಲ್ಲಿ ಕಿತ್ತಳೆ ಬಣ್ಣದ ವಿಟಮಿನ್ ಸಿ ಗುಳಿಗೆಗಳು ಬಂದು ಕುಳಿತವು. ಗಿರಾಕಿಗೆ ಚಿಲ್ಲರೆ ಕೊಡುವಾಗಲೊಂದು, ಹಾಲಿನವನನ್ನು ಬೈದ ಮೇಲೊಂದು, ಶೆಟ್ಟರ ಬಾಯಿ ಬಿಡುವಿಲ್ಲದೆ ಚೀಪುತ್ತಿತ್ತು.

ಮರುವರ್ಷ ರೈಲ್ವೆ ಸೇತುವೆ ಹತ್ತುವಾಗ ಏದುಸಿರು ಬರತೊಡಗಿತು. ಡೊಂಬಿವಲಿಯ ಆ ಪ್ರಯೋಗಾಲಯದ ತಪಾಸಣೆಯಲ್ಲಿ ರಕ್ತ ಕಡಿಮೆಯೆಂದು ಬಂದರೂ ಮಲದಲ್ಲಿ ರಕ್ತದ ಸುಳಿವಿರಲಿಲ್ಲ. ಕ್ಯಾನ್ಸರಿಲ್ಲ, ಗೆದ್ದೆನೆಂದು ಶೆಟ್ಟರು ಪೇಡೆ ತರಿಸಿದರು. ಅಷ್ಟರಲ್ಲಿ ಡಾ. ಕಾಂಚನಾ ಖುದ್ದಾಗಿ ಫೋನು ಮಾಡಿ ಅವರನ್ನೂ ಹೆಂಡತಿ ವಿನೋದಾ ಅವರನ್ನೂ ಕರೆಸಿದರು.

"ರಕ್ತ ಕಮ್ಮಿ ಆಗೈತಿ, ಎಲ್ಲಿ ಸೋರಾಕತ್ತೈತಿ ಅಂತ ಗೊತ್ತಾಗವಲ್ದು. ಡಾಕ್ಟರ್ ಹೇಳಲಾರದ ಗುಳಿಗಿ ಏನರ ನುಂಗತೀರೇನ್ರಿ?" ಪ್ರತಿಯೊಬ್ಬ ರೋಗಿಗೂ ಅವರು ಕೇಳುತ್ತಿದ್ದ ಪ್ರಶ್ನೆಯದು.

"ಎಂತದ್ದೂ ಇಲ್ಲ ಮೇಡಂ."

"ಸುಳ್ಳು ಹೇಳ್ಬೇಡಿ ಮಾರಾಯ್ರೇ," ಎಂದರು ವಿನೋದಾ. "ಆ ಹುಳಿ ಗುಳಿಗೆ ಇಡೀ ದಿನ ಚೀಪುದಲ್ವಾ?"

"ಅದು ಮದ್ದಾ? ವಿಟಮಿನ್ ಅಲ್ವಾ? ಆಯಸ್ಸಿಗೆ ಒಳ್ಳೇದಂತೆ!"

"ಮಲದಾಗ ರಕ್ತ ಇದ್ರ ನಮ್ಮ ಪರೀಕ್ಷಾ ಕಾಗದ ನೀಲಿ ಆಗತೈತ್ರಿ. ಅಷ್ಟು ಗುಳಿಗಿ ತಿಂದ್ರ ಆ ನೀಲಿನ ಬರಾಕ ಬಿಡೂದಿಲ್ಲ. ಅವನ್ನ ಬಿಡ್ರಿ, ಮತ್ತ ನೋಡೂಣು."

ಶೆಟ್ಟರು ಬಿಟ್ಟರು. ಆದರೆ ಬಟ್ಟಲು ಬರಿದಾದ ಕ್ಷಣದಿಂದ ಮನೆಯ ಅಗುಳಿ ತೆಗೆದಿಟ್ಟು ಮಲಗಿದಂತಾಯಿತು ಅವರಿಗೆ. ಆಯುಸ್ಸನ್ನು ಕಾಯುತ್ತದೆಂದು ನಂಬಿದ್ದೇ ಸಾವನ್ನು ಮುಚ್ಚಿಡುತ್ತಿತ್ತೆ ಎಂಬ ಯೋಚನೆ ಬಂದರೆ ಊಟದ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದರು. ಮರುಪರೀಕ್ಷೆಯಲ್ಲಿ ಕಾಗದ ನೀಲಿಯಾಯಿತು. ಕರುಳಿನಲ್ಲಿ ಗಡ್ಡೆಯಿತ್ತು.

ಶಸ್ತ್ರಚಿಕಿತ್ಸೆಯ ದಿನ, ಸೂಕ್ಷ್ಮದರ್ಶಕದ ಮುಂದಿರಬೇಕಾಗಿದ್ದ ಡಾ. ಕಾಂಚನಾ ರಜೆ ಹಾಕಿ ಬಂದು ಬಾಗಿಲಾಚೆಯ ಬೆಂಚಿನ ಮೇಲೆ ವಿನೋದಾ ಅವರ ಕೈ ಹಿಡಿದು ಕುಳಿತರು. "ನನಗೂ ಹೆದರಿಕಿ ಐತ್ರಿ. ಇಬ್ರೂ ಕೂಡಿ ಹೆದರೂಣು," ಎಂದರಂತೆ. ಗಡ್ಡೆ ಇನ್ನೂ ಹಬ್ಬಿರಲಿಲ್ಲ, ಶೆಟ್ಟರು ಉಳಿದರು.

ಅನಂತರದ ವರ್ಷಗಳಲ್ಲಿ ಠಾಣೆ, ನವಿಮುಂಬಯಿಯ ಕನ್ನಡ ಸಂಘಗಳಲ್ಲಿ ಡಾ. ಕಾಂಚನಾ ಮಾಡಿದ ಉಪನ್ಯಾಸಗಳು ಅನೇಕರಿಗೆ ನೆನಪಿರಬಹುದು. ನೆಲ್ಲಿ, ಪೇರಳೆ, ಬಸಳೆ, ಹರಿವೆ ತಟ್ಟೆಯಲ್ಲಿರಲಿ, ಅವು ಮುಪ್ಪಿಗೆ ಒಳ್ಳೆಯ ಜೊತೆ. ಆದರೆ ಅವುಗಳ ಸತ್ವವನ್ನು ಗುಳಿಗೆಯಾಗಿ ನುಂಗಿದರೆ ಆಯುಸ್ಸು ಬೆಳೆಯುತ್ತದೆಂದು ದೊಡ್ಡ ಅಧ್ಯಯನಗಳು ತೋರಿಸಿಲ್ಲವೆಂದು ಅವರು ಬಿಡಿಸಿ ಹೇಳುತ್ತಿದ್ದರು. ಮುಂದಿನ ಸಾಲಿನಲ್ಲಿ ಶೆಟ್ಟರು ತಪ್ಪದೆ ತಲೆಯಾಡಿಸುತ್ತಿದ್ದರು.

ಆದರೂ ವರ್ಷಕ್ಕೊಮ್ಮೆ ಬರುವ ತಪಾಸಣೆಯ ದಿನ, ಪ್ರಯೋಗಾಲಯದ ಬೆಂಚಿನ ಮೇಲೆ ಡಾ. ಕಾಂಚನಾ ಪಕ್ಕದಲ್ಲಿ ಕುಳಿತರಷ್ಟೇ ಅವರು ಈಗಲೂ ರಕ್ತ ಕೊಡಲು ತೋಳು ಚಾಚುತ್ತಾರೆ. ನಿವೃತ್ತಿಯ ಸುದ್ದಿ ಕೇಳಿ ಪ್ರಯೋಗಾಲಯಕ್ಕೆ ಓಡಿಬಂದ ಶೆಟ್ಟರಿಗೆ ಶುಭ ಕೋರುವುದೂ ಮರೆತುಹೋಯಿತು.

"ಇನ್ನು ನನ್ನದು ಯಾರು ನೋಡುದು ಮೇಡಂ?"

"ನೋಡಾಕ ಹೊಸ ಡಾಕ್ಟರ್ ಅದಾರ. ಬೆಂಚಿನ ಮ್ಯಾಲ ನಿಮ್ಮ ಬಾಜೂಕ ಕುಂದ್ರಾಕ ನೌಕರಿ ಯಾಕ್ರಿ ಬೇಕು? ನಾ ಬರತೀನಿ."

ಡಾ. ಕಾಂಚನಾ ಅವರು ನೂರ್ಕಾಲ ಬಾಳಲಿ, ಅವರ ಪ್ರಶ್ನೆ ಹೊಸ ವೈದ್ಯರ ಬಾಯಲ್ಲಿ ಮುಂದುವರಿಯಲಿ. ಈ ಹಾರೈಕೆಯಲ್ಲಿ ತಾರಾನಾಥ ಶೆಟ್ಟರ ಸ್ವಾರ್ಥವೂ ಇದೆ: ಮುಂದಿನ ತಪಾಸಣೆ ಬರುವ ತಿಂಗಳು, ಅವರಿಗೆ ಈಗಲೇ ಹೆದರಿಕೆಯಾಗುತ್ತಿದೆ.