ಏಳು ಕೋಟಿಯಿಂದ ಏಳಕ್ಕೆ

ಮದುವೆಯಾದ ಹೊಸದರಲ್ಲಿ ದೇವದುರ್ಗದ ಬಸ್ಸಿನಲ್ಲಿ ಗಂಡ ನನ್ನ ಕಿವಿಯ ಹತ್ತಿರ ಬಾಗಿದಾಗ, ಏನೋ ಮುದ್ದಿನ ಮಾತು ಹೇಳುತ್ತಾರೆ ಅಂದುಕೊಂಡಿದ್ದೆ. ಹೇಳಿದ್ದು ಒಂದು ಸಂಖ್ಯೆ. ಏಳು ಕೋಟಿ ಮೂವತ್ತೊಂಬತ್ತು ಲಕ್ಷ ಮೂವತ್ತೊಂಬತ್ತು ಸಾವಿರದ ನೂರಾ ಮೂವತ್ತಮೂರು. ಅವರು ಅಲ್ಲಿಯ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು.

"ಇದು ಅವಿಭಾಜ್ಯ. ಒಂದು, ತಾನು ಬಿಟ್ರ ಬ್ಯಾರೆ ಯಾವುದರಿಂದಲೂ ಭಾಗ ಆಗಂಗಿಲ್ಲ. ಕೊನೀ ಅಂಕಿ ತಗದು ಒಗಿ, ಉಳದದ್ದೂ ಅವಿಭಾಜ್ಯ. ಇನ್ನೊಂದು ತಗಿ, ಆಗಲೂ ಅಷ್ಟ. ಕಡೀಗೆ ಬರೇ ಏಳು ಉಳಿಯೋ ಮಟ ಹಂಗ. ಈ ಜಾತಿಯೊಳಗ ಇದಕ್ಕಿಂತ ದೊಡ್ಡದು ಇಲ್ಲ."

"ಕೊನೀಗೆ ಇನ್ನೊಂದು ಅಂಕಿ ಹಚ್ಚಿದ್ರ?"

"ಯಾವುದು ಹಚ್ಚಿದ್ರೂ ಒಡೀತದ."

ನನಗೆ ತಲೆಬುಡ ತಿಳಿಯಲಿಲ್ಲ. ಅವರ ಮುಖದ ಖುಷಿ ನೋಡಿ ಹೂಂ ಅಂದೆ. ಆಮೇಲೆ ವರ್ಷಗಟ್ಟಲೆ ಆ ಸಂಖ್ಯೆಯನ್ನು ನನ್ನ ಸವತಿ ಅಂತ ಕಾಡಿಸುತ್ತ ಬಂದೆ.

ಅವರು ನಿವೃತ್ತರಾಗಿ ನಾವು ರಾಯಚೂರಿಗೆ ಬಂದ ಮೇಲೆ ಮರೆವು ಶುರುವಾಯಿತು. ಮೊದಲು ಕನ್ನಡಕ, ಬೀಗದ ಕೈ, ಅದು ಯಾರಿಗಿಲ್ಲ? ಆಮೇಲೆ ಕಾಯಿಪಲ್ಲೆ ತರಲು ಹೋದವರಿಗೆ ಮನೆಯ ದಾರಿಯೇ ಗೊತ್ತಾಗಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ನೂರರಿಂದ ಏಳೇಳು ಕಳೆಯುತ್ತ ಹೋಗಿ ಅಂದಾಗ, "ಇವು ಎರಡನೇತ್ತಾ ಹುಡುಗರ ಲೆಕ್ಕ, ನನಗ ಕೇಳ್ತೀರೇನು?" ಅಂತ ಸಿಟ್ಟಾದರು. ನನಗೆ ನಗು ಬಂತು. ಡಾಕ್ಟರು ನಗಲಿಲ್ಲ. ನನ್ನನ್ನು ಹೊರಗೆ ಕರೆದು, "ಇದು ಹೆಚ್ಚಾಕೋತ ಹೋಗ್ತದ್ರಿ ಅಮ್ಮಾ. ಒಂದಿನ ನಿಮ್ಮನ್ನೂ ಮರೀಬಹುದು" ಅಂದರು.

ಅಂದಿನಿಂದ ನನಗೆ ಅದೊಂದೇ ಭಯ. ದಿನಾ ಬೆಳಗ್ಗೆ ಆ ಸಂಖ್ಯೆಯನ್ನು ಎತ್ತಿಕೊಡುತ್ತಿದ್ದೆ. ಅವರು ಹಿಂದಿನಿಂದ ಒಂದೊಂದೇ ಅಂಕಿ ತೆಗೆಯುತ್ತ ಏಳರವರೆಗೆ ಇಳಿಯುತ್ತಿದ್ದರು. ಅದು ನೆನಪಿರುವ ತನಕ ನಾನೂ ನೆನಪಿರುತ್ತೇನೆ ಅಂತ ನನ್ನಷ್ಟಕ್ಕೆ ನಾನೇ ತೀರ್ಮಾನಿಸಿಬಿಟ್ಟಿದ್ದೆ. ಹಾಗಂತ ಯಾರೂ ಹೇಳಿರಲಿಲ್ಲ. ಹೆದರಿದವರು ಏನನ್ನಾದರೂ ನಂಬುತ್ತಾರೆ. ಮಗಳ ಮದುವೆ ಮರೆತರು. ಎಂದೋ ತೀರಿಕೊಂಡ ತಾಯಿಯನ್ನು ನೆನೆದು ಊಟಕ್ಕೆ ಕೂತಾಗ "ಅವ್ವ ಉಂಡಳೇನು?" ಅಂತ ಕೇಳಿದರು. ಸಂಖ್ಯೆ ಮಾತ್ರ ಒಂದು ಅಂಕಿಯೂ ತಪ್ಪಲಿಲ್ಲ. ಸವತಿಗೇ ಕೈಮುಗಿಯುವ ಗತಿ ನನಗೆ ಬಂತು.

ಈ ಬೇಸಿಗೆಯ ಒಂದು ಬೆಳಗ್ಗೆ ಕೂಲರಿಗೆ ನೀರು ತುಂಬಿ, ಅವರ ಎದುರು ಕೂತು ಎಂದಿನಂತೆ ಎತ್ತಿಕೊಟ್ಟೆ. ಸರಸರ ಇಳಿದರು. ಏಳುನೂರಾ ಮೂವತ್ತೊಂಬತ್ತು, ಎಪ್ಪತ್ತಮೂರು, ಏಳು. ನನ್ನ ಜೀವ ಹಗುರಾಯಿತು. ಆಗ ಅವರು ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ ಕೇಳಿದರು.

"ಗಣಿತ ಚಲೋ ತಿಳ್ಕೊಂಡೀರಿ. ಯಾವ ಊರವರ್ರೀ ನೀವು?"

"ಮಾನ್ವಿರೀ" ಅಂದೆ.

"ಹೌದಾ? ನಮ್ಮ ಮನಿಯಾಕೀದೂ ಮಾನ್ವಿನ" ಅಂತ ಖುಷಿಪಟ್ಟರು. "ಕುಂದರ್ರಿ, ಈಗ ಬರ್ತಾಳ. ಚಾ ಕುಡದು ಹೋಗೀರಂತ."

ಅವರು ಬಾಗಿಲ ಕಡೆ ನೋಡುತ್ತ ಕೂತರು. ನಾನು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ.